ಪದಚರ್ಚೆ: ಪವರ್ ಎಂಬುದಕ್ಕೆ ‘ವಿದ್ಯುತ್ ಸಾಮರ್ಥ್ಯ’ ಸರಿಹೊಂದುತ್ತದೆಯೇ?

ಮಾನ್ಯರೇ,

ಐಟಿಐ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಲೆಕ್ಕಗಳ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಗೀಸರಿನಂಥ ಬಿಸಿಮಾಡುವ ಉಪಕರಣವೊಂದಕ್ಕೆ ಸಿಗುತ್ತಿರುವ ವೋಲ್ಟೇಜನ್ನೂ ಅದರಲ್ಲಿ ಹರಿಯುತ್ತಿರುವ ಕರೆಂಟನ್ನೂ ಅಳೆದ ಮೇಲೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ರೋಧ ಓಮ್‌ಗಳಲ್ಲಿ ಸಿಗುತ್ತದೆ. ಎರಡನ್ನೂ ಗುಣಿಸಿದರೆ ಇನ್ನೊಂದು ಪರಿಮಾಣ ವ್ಯಾಟ್‌ಗಳಲ್ಲಿ ಸಿಗುತ್ತದೆ. ಈ ಎರಡನೆಯ ಪರಿಮಾಣವನ್ನು ಏನೆಂದು ಕರೆಯಬೇಕು ಎಂಬುದೇ ನನ್ನ ಪ್ರಶ್ನೆ. ಶಾಲೆಯ ವಿಜ್ಞಾನ ಪಠ್ಯಗಳು ಇದನ್ನು ‘ವಿದ್ಯುತ್ ಸಾಮರ್ಥ್ಯ’ ಎನ್ನುತ್ತವೆ.

ರೋಧದ ವಿಷಯದಲ್ಲಿ ತೊಡಕಿಲ್ಲ. ‘ಪ್ರತಿರೋಧ’ ಎಂದು ಬರೆಯುವವರೂ ಇದ್ದಾರೆ, ಆದರೆ ‘ರೋಧ’ ಚಿಕ್ಕ ಪದ. ರೋಧಕ, ರೋಧಶೀಲತೆ ಎಂಬ ಪದಗಳೂ ಅದರಿಂದಲೇ ಸಲೀಸಾಗಿ ಹುಟ್ಟಿಕೊಂಡಿವೆ. ಹಾಗಾಗಿ ಅದನ್ನೇ ಉಳಿಸಿಕೊಂಡಿದ್ದೇನೆ.

‘ಸಾಮರ್ಥ್ಯ’ ಎಲ್ಲಿ ಕೈಕೊಡುತ್ತದೆ ಎಂಬುದು ಲೆಕ್ಕಕ್ಕೆ ಇಳಿದಾಗ ಕಾಣುತ್ತದೆ. ಒಂದು ಗೀಸರಿನ ಮೇಲೆ ‘230 ವೋಲ್ಟ್, 2000 ವ್ಯಾಟ್’ ಎಂದು ಬರೆದಿದೆ ಎನ್ನೋಣ. 2000ವನ್ನು 230ರಿಂದ ಭಾಗಿಸಿದರೆ ಕರೆಂಟ್ ಸುಮಾರು 8.7 ಆಂಪಿಯರ್, 230ನ್ನು ಆ 8.7ರಿಂದ ಭಾಗಿಸಿದರೆ ಕಾಯಿಲಿನ ರೋಧ ಸುಮಾರು 26.4 ಓಮ್. ಇನ್ನು ಬೇಸಿಗೆಯ ಸಂಜೆ ಲೈನಿನಲ್ಲಿ ವೋಲ್ಟೇಜ್ 180ಕ್ಕೆ ಇಳಿಯಿತು ಎಂದುಕೊಳ್ಳಿ. ಗೀಸರಿನ ಕಾಯಿಲು ಸಾಮಾನ್ಯವಾಗಿ ನೈಕ್ರೋಮ್ ತಂತಿಯದಾಗಿದ್ದು, ಬಿಸಿಯಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಕರೆಂಟ್ 6.8 ಆಂಪಿಯರಿಗೆ ಇಳಿಯುತ್ತದೆ, ಗುಣಲಬ್ಧ 1225 ವ್ಯಾಟಿನ ಆಸುಪಾಸಿಗೆ ಬರುತ್ತದೆ. ವೋಲ್ಟೇಜ್ ಕಾಲುಭಾಗಕ್ಕಿಂತ ಕಡಿಮೆ ಪ್ರಮಾಣದಲ್ಲಿ ಇಳಿದರೂ ವ್ಯಾಟ್ ಸುಮಾರು ಐದರಲ್ಲಿ ಎರಡು ಪಾಲು ಇಳಿಯಿತು, ಏಕೆಂದರೆ ಅದು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಹದಿನೈದು ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ ಈಗ ಇಪ್ಪತ್ತನಾಲ್ಕು ನಿಮಿಷ ದಾಟುತ್ತದೆ. (ಹಳೆಯ ತಂತು ಬಲ್ಬಿಗೆ ಈ ಲೆಕ್ಕ ಇಷ್ಟು ನೇರವಾಗಿ ಕೂಡುವುದಿಲ್ಲ. 100 ವ್ಯಾಟಿನ ಬಲ್ಬಿನ ರೋಧ ಲೆಕ್ಕದ ಪ್ರಕಾರ 529 ಓಮ್. ತಣ್ಣಗಿರುವಾಗ ಮೀಟರ್ ಹಿಡಿದರೆ ಅದರ ಹತ್ತನೇ ಒಂದು ಭಾಗದಷ್ಟೂ ತೋರಿಸದೆ ಇರಬಹುದು.)

ಈಗ ಪಠ್ಯದ ಪದವನ್ನೇ ಹಿಡಿದು ಬರೆದರೆ ‘2000 ವ್ಯಾಟ್ ಸಾಮರ್ಥ್ಯದ ಗೀಸರಿನ ಸಾಮರ್ಥ್ಯ ಈ ಹೊತ್ತಿನಲ್ಲಿ 1225 ವ್ಯಾಟ್’ ಎಂಬ ವಾಕ್ಯವಾಗುತ್ತದೆ. ಓದಿದ ಹುಡುಗ ಗೀಸರ್ ಕೆಟ್ಟಿದೆ ಎಂದುಕೊಂಡರೆ ತಪ್ಪು ಅವನದಲ್ಲ. ಕನ್ನಡದಲ್ಲಿ ಸಾಮರ್ಥ್ಯವೆಂದರೆ ಆಗಬಲ್ಲದ್ದು, ಆಗುತ್ತಿರುವುದಲ್ಲ. ಪತ್ರಿಕೆಗಳು ಈ ವಿವೇಚನೆಯನ್ನು ಮೊದಲಿನಿಂದಲೂ ಇಟ್ಟುಕೊಂಡಿವೆ: ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1035 ಮೆಗಾವ್ಯಾಟ್ ಎಂದೂ, ಜಲಾಶಯ ಬತ್ತಿದಾಗ ಉತ್ಪಾದನೆ ಇಷ್ಟಕ್ಕೆ ಕುಸಿದಿದೆ ಎಂದೂ ಬೇರೆಬೇರೆಯಾಗಿಯೇ ಬರೆಯುತ್ತವೆ. ಎರಡೂ ಮೆಗಾವ್ಯಾಟಿನ ಮಾತೇ ಆದರೂ ಓದುಗರಿಗೆ ಗೊಂದಲವಾಗುವುದಿಲ್ಲ.

‘ಶಕ್ತಿ’ ಎಂದು ಬರೆಯುವಂತೆ ಕೆಲವರು ಸೂಚಿಸಿದರು. ಆ ಪದವನ್ನು ಪಠ್ಯಗಳು ಎನರ್ಜಿಗೆ ಮೀಸಲಿಟ್ಟಿವೆ, ಅದು ಹಾಗೆಯೇ ಇರಬೇಕೆಂದು ನನ್ನ ಅಭಿಪ್ರಾಯ. ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ ಹರಿದದ್ದು, ಅಂದರೆ 36 ಲಕ್ಷ ಜೂಲ್ ಶಕ್ತಿ. ಗ್ರಾಹಕರು ಹಣ ಕೊಡುವುದು ಇದಕ್ಕೆ. ವ್ಯಾಟಿಗೂ ಯೂನಿಟ್ಟಿಗೂ ಇರುವ ಈ ಅಂತರವನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸುವುದೇ ಕಷ್ಟವಾಗಿರುವಾಗ, ಎರಡಕ್ಕೂ ಒಂದೇ ಪದ ಕೊಟ್ಟರೆ ದಾರಿಯೇ ಮುಚ್ಚಿದಂತಾಗುತ್ತದೆ. ಆದರೆ ಇಲ್ಲಿಯೂ ಒಂದು ತೊಡಕಿದೆ. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ ಎಂಬ ಮಾತು ನಮ್ಮ ಆಡಳಿತದ ಕನ್ನಡದಲ್ಲಿ ಬೇರೂರಿದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್, ಎಂದರೆ ಅಲ್ಲಿರುವ ‘ಶಕ್ತಿ’ ನಿಜವಾಗಿ ಪವರ್. ರೈತರು ‘ಐದು ಎಚ್‌ಪಿ ಮೋಟರು’ ಎಂದೇ ಹೇಳುವುದರಿಂದ ಮಾತಿನಲ್ಲಿ ಈ ತೊಡಕು ಏಳುವುದಿಲ್ಲ. ಬರಹದಲ್ಲಿ ಮಾತ್ರ ಏಳುತ್ತದೆ.

‘ಕಸುವು’ ಎಂಬ ಅಚ್ಚಗನ್ನಡ ಪದವನ್ನೂ ತೂಗಿ ನೋಡಿದೆ. ಮಣ್ಣಿನಲ್ಲಿ ಕಸುವಿಲ್ಲ, ಎತ್ತಿಗೆ ಕಸುವಿದೆ ಎನ್ನುವಾಗ ಒಳಗೆ ಕೂಡಿಟ್ಟಿರುವ ಸತ್ವದ ಅರ್ಥ ಬರುತ್ತದೆಯೇ ಹೊರತು, ಪ್ರತಿ ಸೆಕೆಂಡಿಗೆ ಎಷ್ಟು ವ್ಯಯವಾಗುತ್ತಿದೆ ಎಂಬ ಅರ್ಥ ಬರುವುದಿಲ್ಲ. ನಮಗೆ ಬೇಕಾಗಿರುವುದು ದರವನ್ನು ಸೂಚಿಸುವ ಪದ.

ಹೀಗಾಗಿ ಸದ್ಯಕ್ಕೆ, ಉಪಕರಣದ ಮೇಲೆ ನಮೂದಾಗಿರುವ ವ್ಯಾಟಿಗೆ ‘ಸಾಮರ್ಥ್ಯ’ ಎಂದೂ, ಅಳತೆಯಿಂದ ಬರುವ ಗುಣಲಬ್ಧಕ್ಕೆ ‘ಪವರ್’ ಎಂದೂ ಬರೆದುಕೊಂಡಿದ್ದೇನೆ. ‘ಪವರ್ ಹೋಯ್ತು’, ‘ಕರೆಂಟ್ ಹೋಯ್ತು’ ಎರಡೂ ಮಾತಿನಲ್ಲಿ ಒಂದೇ ಆಗಿಬಿಟ್ಟಿವೆ ಎಂಬ ಆಕ್ಷೇಪ ಬರಬಹುದೆಂದು ಬಲ್ಲೆ. ಆದರೆ ಕರೆಂಟ್ ಎಂಬುದನ್ನು ಪಾಠದಲ್ಲಿ ಆಂಪಿಯರಿಗೆ ಕಟ್ಟಿಹಾಕಲು ಸಾಧ್ಯವಾಗಿರುವಂತೆ ಪವರನ್ನು ವ್ಯಾಟಿಗೆ ಕಟ್ಟುವುದೂ ಸಾಧ್ಯ.

ಮೋಟರು ರಿವೈಂಡಿಂಗ್ ಅಂಗಡಿಗಳಲ್ಲಿ ‘ಎಷ್ಟು ಆಂಪಿಯರ್ ಎಳೀತಿದೆ’ ಎನ್ನುವುದನ್ನು ಕೇಳಿದ್ದೇನೆ, ‘ಲೋಡ್ ಜಾಸ್ತಿ’ ಎನ್ನುವುದನ್ನೂ ಕೇಳಿದ್ದೇನೆ. ಆದರೆ ‘ಲೋಡ್’ ಅಲ್ಲಿ ಕರೆಂಟಿಗೂ ಪವರಿಗೂ ಒಟ್ಟಿಗೇ ಸಲ್ಲುತ್ತದೆ. ಬೆಳಗಾವಿ, ಕಲಬುರಗಿ, ಮಂಗಳೂರು ಕಡೆಯ ಕೆಲಸಗಾರರಲ್ಲಿ ಉಪಕರಣ ಆ ಕ್ಷಣದಲ್ಲಿ ತಿನ್ನುತ್ತಿರುವ ವ್ಯಾಟಿಗೆಂದೇ ಬಳಕೆಯಲ್ಲಿರುವ ಬೇರೆ ಪದವಿದ್ದರೆ, ಅದು ಬರುವ ವಾಕ್ಯದ ಸಮೇತ ದಯವಿಟ್ಟು ತಿಳಿಸಿರಿ. ಹಳೆಯ ಡಿಪ್ಲೊಮಾ ಪಠ್ಯಗಳು ಯಾರಲ್ಲಾದರೂ ಇದ್ದರೆ, ಅವುಗಳಲ್ಲಿ ‘ಸಾಮರ್ಥ್ಯ’ವನ್ನು ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂಬುದನ್ನೂ ನೋಡಿ ಹೇಳಬೇಕೆಂದು ಕೋರುತ್ತೇನೆ.