ಪೀಣ್ಯದ ರ‍್ಯಾಪ್ ಹುಡುಗನಿಗೆ ಓದುಗರ ಮಾತು

ಕಳೆದ ಸಂಚಿಕೆಯಲ್ಲಿ ಬಂದ ಸಮಸ್ಯೆ: ನನಗೆ 24 ವರ್ಷ. ಹೊಸಪೇಟೆ ಹತ್ತಿರದ ಹಳ್ಳಿಯವನು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷಿನ್ ನೋಡಿಕೊಳ್ಳುತ್ತೇನೆ. ಐದು ವರ್ಷದಿಂದ ಕನ್ನಡದಲ್ಲಿ ರ‍್ಯಾಪ್ ಮಾಡುತ್ತಿದ್ದೇನೆ. 14 ಹಾಡು ಬಿಟ್ಟಿದ್ದೇನೆ, ಒಂದೂ 3,000 ವ್ಯೂಸ್ ದಾಟಿಲ್ಲ. ಈಗ ಒಬ್ಬರು ಬಂದಿದ್ದಾರೆ. ಕಾರು, ಬಾರು, ಹುಡುಗಿ ಅಂತ ನಾವು ಹೇಳಿದ ಹಾಗೆ ಒಂದು ಹಾಡು ಬರೆದು ಹಾಡಿದರೆ ಎಲ್ಲ ಹಕ್ಕೂ ಸೇರಿ 40,000 ರೂಪಾಯಿ ಕೊಡುತ್ತೇವೆ ಅನ್ನುತ್ತಿದ್ದಾರೆ. ತಂಗಿಯ ಬಿ.ಎಡ್ ಫೀಸು ಕಟ್ಟಬೇಕು. ಇನ್ನೊಂದು ಮಾತು. ನನ್ನ ಹಳೆ ಹಾಡುಗಳಲ್ಲಿ ಗಲ್ಲಿ, ಪೊಲೀಸು, ಹೊಡೆದಾಟ ಅಂತ ಬರೆದಿದ್ದೇನೆ. ಅದ್ಯಾವುದೂ ನನ್ನ ಬದುಕಲ್ಲ. ನಾನು ಅಸಲಿಯಾ, ನಕಲಿಯಾ? ಏನು ಮಾಡಲಿ?

ತಮ್ಮಾ, ನಾನೂ ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಊರು ಹುಬ್ಬಳ್ಳಿ, ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಹಗಲು ಒಂದು ಕೊರಿಯರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲ ಎರಡು ವರ್ಷ ನಾನು ಬೆಂಗಳೂರಿನ ಹುಡುಗರ ಹಾಗೆ ರ‍್ಯಾಪ್ ಮಾಡಿದೆ. ಮಗಾ, ಸಖತ್ತು, ಬಿಲ್ಡಪ್ಪು, ಎಲ್ಲ ಅವರದೇ ಮಾತು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಒಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಸೈಫರ್‌ಗೆ, ಅಂದರೆ ಸುತ್ತ ನಿಂತು ಸರದಿಯ ಮೇಲೆ ರ‍್ಯಾಪ್ ಹೇಳುವ ಕೂಟಕ್ಕೆ, ಹೋಗಿದ್ದೆ. ಹತ್ತು ಹನ್ನೆರಡು ಹುಡುಗರು ಸುತ್ತ ನಿಂತಿದ್ದರು, ಒಬ್ಬ ಬಾಯಲ್ಲೇ ತಾಳ ಹಾಕುತ್ತಾ ಬೀಟ್‌ಬಾಕ್ಸ್ ಮಾಡುತ್ತಿದ್ದ. ನನ್ನ ಸರದಿ ಬಂತು. ಬಾಯಿಪಾಠ ಮಾಡಿಕೊಂಡ ನಾಲ್ಕು ಸಾಲು ಹೇಳಿದೆ, ಐದನೆಯದು ಮರೆತೇಹೋಯಿತು. ಕೈಕಾಲು ತಣ್ಣಗಾದವು. ಆಗ ನಮ್ಮವ್ವ ನನ್ನನ್ನು ಬೈಯುವ ಮಾತು ತಾನಾಗಿಯೇ ಬಾಯಿಗೆ ಬಂತು: 'ಏನ್ ನಿಂತೀಯಲೇ ಬಾಗಿಲಾಗ, ಒಳಗರ ಬಾ, ಹೊರಗರ ಹೋಗ!' ಬೀಟಿಗೆ ಸರಿಯಾಗಿ ಕೂತುಬಿಟ್ಟಿತು. ಹುಡುಗರೆಲ್ಲ ಕೂಗಿದರು. ಅಲ್ಲಿಂದ ಮುಂದೆ ಎರಡು ನಿಮಿಷ ಅವ್ವನ ಮಾತಿನಲ್ಲೇ ಹೇಳಿದೆ, ಒಂದು ಕಡೆಯೂ ತಡವರಿಸಲಿಲ್ಲ.

ಆ ಸಾಲನ್ನೇ ಇಟ್ಟುಕೊಂಡು ಒಂದು ಹಾಡು ಮಾಡಿದೆ. ದನಿ ಪ್ರತಿಧ್ವನಿಸದ ಹಾಗೆ ಗೋಡೆಗೆ ಅಂಟಿಸುವ ಫೋಮ್ ಕೊಳ್ಳಲು ದುಡ್ಡಿರಲಿಲ್ಲ. ಅವ್ವ ಹೊಲಿದ ಕೌದಿ ಇತ್ತು, ಅವಳ ಹಳೆ ಸೀರೆ, ಅಪ್ಪನ ಧೋತರ ಎಲ್ಲ ಪದರ ಪದರವಾಗಿ ಸೇರಿಸಿ ಹೊಲಿದದ್ದು. ಅಲ್ಮೇರಾದ ಎರಡು ಬಾಗಿಲು ತೆರೆದು ಮೇಲೆ ಕೌದಿ ಹಾಕಿ, ಒಳಗೆ ಮೈಕ್ ಇಟ್ಟು, ತಲೆ ತೂರಿಸಿ ಹಾಡಿದೆ. ಏಪ್ರಿಲ್ ತಿಂಗಳು. ಶಬ್ದ ಬರುತ್ತದೆ ಅಂತ ಫ್ಯಾನ್ ಆರಿಸಿದ್ದೆ. ಬೆವರು ಮೈಕಿನ ಮೇಲೆ ಬೀಳದ ಹಾಗೆ ಹಣೆಗೆ ಟವೆಲ್ ಕಟ್ಟಿಕೊಂಡಿದ್ದೆ. 31ನೇ ಟೇಕ್ ಸರಿಯಾಗಿ ಬಂತು ಅನ್ನುವಾಗ ಕೊನೆಯ ಸಾಲಿನಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ಅದನ್ನು ತೆಗೆಯಲಿಲ್ಲ. ಈಗಲೂ ಹಾಡಿನಲ್ಲಿ ಇದೆ. ಜನ ಆ ಜಾಗವನ್ನೇ ಹೇಳಿ ಹೇಳಿ ನನ್ನನ್ನು ಗುರುತು ಹಿಡಿಯುತ್ತಾರೆ.

ನೀನು ದಿನಕ್ಕೆ ಎಂಟು ತಾಸು ಸಿಎನ್‌ಸಿ ಮುಂದೆ ನಿಲ್ಲುತ್ತೀಯ. ಕೂಲೆಂಟಿನ ವಾಸನೆ, ಟೂಲ್ ಮುರಿದಾಗ ಬರುವ ಆ ಶಬ್ದ, ವರ್ನಿಯರ್ ಹಿಡಿದು ಅಳತೆ ನೋಡುವಾಗಿನ ಭಯ, ರಿಜೆಕ್ಷನ್ ಆದ ಜಾಬು, ಓಟಿ ದುಡ್ಡು. ಇದನ್ನು ಬರೆಯಲು ಬರುವ ಎಷ್ಟು ಜನ ರ‍್ಯಾಪರ್‌ಗಳಿದ್ದಾರೆ ಹೇಳು? ಹಳೆ ಹಾಡುಗಳನ್ನು ಅಳಿಸಬೇಡ. ಅವು ನೀನು ಕಲಿತ ಶಾಲೆ. ಆದರೆ ಹೊಸದು ಬರೆಯುವಾಗ ಒಂದು ಕೆಲಸ ಮಾಡು. ಬರೆದದ್ದನ್ನು ಮೊದಲು ನಿನ್ನ ತಂಗಿಯ ಮುಂದೆ ಜೋರಾಗಿ ಓದು. ಯಾವ ಸಾಲಿನಲ್ಲಿ ಅವಳ ಕಣ್ಣು ನೋಡಲು ಆಗುವುದಿಲ್ಲವೋ ಆ ಸಾಲು ತೆಗೆ. ಮತ್ತೆ, ದಿನಾ ಎಂಟು ಸಾಲು ಬರೆ. ಚೆನ್ನಾಗಿಲ್ಲದಿದ್ದರೂ ಬರೆ. ನಾನು ಬಸ್ಸಿನಲ್ಲಿ ನಿಂತುಕೊಂಡೇ ಬರೆಯುತ್ತೇನೆ, ಸೀಟು ಸಿಕ್ಕ ದಿನ ನಿದ್ದೆ ಬರುತ್ತದೆ.
– ಹುಬ್ಬಳ್ಳಿಯವ, ಈಗ ಬೆಂಗಳೂರು

ನಾನು ಹೈಸ್ಕೂಲಿನಲ್ಲಿ 26 ವರ್ಷ ಕನ್ನಡ ಕಲಿಸಿದವಳು. ಮೊಮ್ಮಗನ ದೆಸೆಯಿಂದ ರ‍್ಯಾಪ್ ಕೇಳುವುದು ಅಭ್ಯಾಸವಾಗಿದೆ, ಈಗ ನಾನಾಗಿಯೇ ಹಾಕಿಕೊಂಡು ಕೇಳುತ್ತೇನೆ. ಒಂದು ವಿಷಯ ಮಾತ್ರ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಪ್ಪಾ. ಕನ್ನಡದಲ್ಲಿ ಸಾಲಿನ ಕೊನೆಗೆ ಪ್ರಾಸ ಕೂರಿಸುವುದು ತೀರ ಸುಲಭ. ಬರ್ತೀನಿ, ಹೋಗ್ತೀನಿ, ಮಾಡ್ತೀನಿ, ತೋರಿಸ್ತೀನಿ ಅಂತ ಹೇಳುತ್ತಾ ಹೋದರೆ ರಾತ್ರಿಯಿಡೀ ಹೇಳಬಹುದು. ಕ್ರಿಯಾಪದದ ಬಾಲವೇ ಪ್ರಾಸ ಕೊಡುತ್ತದೆ, ಬರೆಯುವವನ ಶ್ರಮ ಅದರಲ್ಲಿ ಇಲ್ಲ. ತುಂಬ ಹಾಡುಗಳು ಒಂದೇ ಥರ ಕೇಳಿಸುವುದು ಇದಕ್ಕೇ.

ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೇ ಅಕ್ಷರಕ್ಕೆ ಇಡುತ್ತಿದ್ದರು. ಹಗಲು, ಹೆಗಲು, ಮುಗಿಲು, ಮಗಳು. ನೋಡು, ಎಲ್ಲದರಲ್ಲೂ ಎರಡನೆಯದು ಗಕಾರ. ಬಾಗಿಲು ಈ ಗುಂಪಿಗೆ ಬರುವುದಿಲ್ಲ, ಅದರ ಮೊದಲ ಅಕ್ಷರ ದೀರ್ಘ. ಹಗಲು ಸಿಂಹಪ್ರಾಸ, ಬಾಗಿಲು ಗಜಪ್ರಾಸ ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈಯೆಲ್ಲ ಸೀಮೆಸುಣ್ಣ ಆಗುತ್ತಿತ್ತು. ಅದನ್ನು ನೀನು ಸಾಲಿನ ಒಳಗೆ ತಂದು ನೋಡು. 'ಹಗಲು ಪಾಳಿ, ಹೆಗಲು ನೋವು, ಮುಗಿಲು ಕಾಣದ ಶೆಡ್ಡು' ಅಂತ ಮೊಮ್ಮಗನಿಗೆ ಹೇಳಿದೆ, ಅವನು ತಕ್ಷಣ ಬೀಟ್ ಹಾಕಿದ. ಇನ್ನೊಂದು, ಮಂದಾನಿಲ ರಗಳೆ ಅನ್ನುವ ಹಳೆಯ ಪದ್ಯಜಾತಿ ಓಡುವುದು ನಾಲ್ಕು ನಾಲ್ಕು ಮಾತ್ರೆಯಲ್ಲಿ. ನಿಮ್ಮ ಬೀಟ್ ಓಡುವುದೂ ನಾಲ್ಕರಲ್ಲೇ ಅಲ್ವಾ? ಲೈಬ್ರರಿಗೆ ಹೋಗಿ ಒಂದು ಛಂದಸ್ಸಿನ ಪುಸ್ತಕ ತೆಗೆದುಕೋ. ದುಡ್ಡು ಬೇಕಿಲ್ಲ.
– ನಿವೃತ್ತ ಶಿಕ್ಷಕಿ, ಸಾಗರ

ಅಣ್ಣಾ, 40,000ಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಿ. ನಾನು ಹಾಡುಗಳ ಮಿಕ್ಸಿಂಗ್ ಮಾಡುತ್ತೇನೆ, ಇಂಥ ಕಾಗದ ತುಂಬ ನೋಡಿದ್ದೇನೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಅದಾದ ಮೇಲೆ ಹಾಡು ಬರೆದವರು, ಸಂಗೀತ ಹಾಕಿದವರು ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟರೂ, ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ದುಡ್ಡಿನಲ್ಲಿ, ಅವರ ಸಮಪಾಲನ್ನು ಬಿಟ್ಟುಕೊಟ್ಟೆ ಅಂತ ಬರೆಸಿಕೊಳ್ಳುವ ಹಾಗಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸೊಸೈಟಿಗೆ ಮಾತ್ರ ಆ ಪಾಲು ಕೊಡಬಹುದು. ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಆದ್ದರಿಂದ 'ಎಲ್ಲ ಹಕ್ಕೂ, ಎಂದೆಂದಿಗೂ' ಅನ್ನುವ ಸಾಲು ಕಂಡರೆ ಕಾಗದ ಮನೆಗೆ ತನ್ನಿ. ಗೊತ್ತಿರುವ ವಕೀಲರಿಗೆ ತೋರಿಸಿ, ನಾಳೆ ಬರುತ್ತೇನೆ ಅನ್ನಿ.

ಬೀಟ್, ಅಂದರೆ ಹಾಡಿನ ಹಿಂದಿನ ಸಂಗೀತ, ಎಲ್ಲಿಂದ ತರುತ್ತೀರಿ ಅಂತ ನೀವು ಬರೆದಿಲ್ಲ. ಯೂಟ್ಯೂಬಿನಲ್ಲಿ 'ಫ್ರೀ' ಅಂತ ಹಾಕಿದ ಬೀಟ್ ಸಾಮಾನ್ಯವಾಗಿ ದುಡ್ಡು ಮಾಡದೆ ಬಳಸಲು ಮಾತ್ರ ಫ್ರೀ. ಹಾಡು ಓಡಲು ಶುರುವಾದ ಮೇಲೆ ಬೀಟ್ ಮಾಡಿದವರು ಇದು ನಮ್ಮದು ಅಂತ ಕ್ಲೇಮ್ ಹಾಕುತ್ತಾರೆ. ದುಡ್ಡು ಕೊಟ್ಟು ಬೀಟ್ ಬಳಸುವ ಅನುಮತಿ (ಲೀಸ್) ತೆಗೆದುಕೊಂಡರೆ ರಸೀದಿ ಇಟ್ಟುಕೊಳ್ಳಿ. ಹಾಡು ಬರೆದವರಿಗೆ ರಾಯಲ್ಟಿ ವಸೂಲು ಮಾಡಿಕೊಡುವ ಸೊಸೈಟಿ ಐಪಿಆರ್‌ಎಸ್‌ಗೆ ಬರಹಗಾರರಾಗಿ ಸೇರಿಕೊಳ್ಳಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಅದಕ್ಕೆ ದುಡ್ಡು ಹುಟ್ಟುವುದಿಲ್ಲ. 14 ಹಾಡನ್ನು ಒಂದರ ಹಿಂದೆ ಒಂದು ಬಿಟ್ಟು ಮರೆಯುವ ಬದಲು, ಒಂದು ಹಾಡು ಬಿಟ್ಟು ಮೂರು ತಿಂಗಳು ಅದನ್ನೇ ಹಿಡಿದು ಜನರ ಹತ್ತಿರ ಹೋಗಿ.
– ಮಂಗಳೂರು

ಎಲ್ಲರೂ ದುಡ್ಡು ಬೇಡ ಅನ್ನುತ್ತಾರೆ ಅಂತ ಗೊತ್ತು, ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು 18 ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುತ್ತೇನೆ. ಗಣಪತಿ ಹಬ್ಬ, ಮದುವೆ, ರಾಜ್ಯೋತ್ಸವ, ಎಲ್ಲೆಲ್ಲೂ. ಜನ ಕೇಳಿದ ಹಾಡು ನುಡಿಸಿ ಎರಡು ಮಕ್ಕಳನ್ನು ಓದಿಸಿದ್ದೇನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ರ‍್ಯಾಪ್‌ನ ತವರಾದ ಹಿಪ್‌ಹಾಪ್ ಹುಟ್ಟಿದ ಕಥೆ ನನಗೆ ಮಗ ಹೇಳಿದ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಪಾರ್ಟಿ ಆಯಿತು. ಡಿಜೆ ಕೂಲ್ ಹರ್ಕ್ ಅವತ್ತು ರೆಕಾರ್ಡು ಹಾಕಿದ. ಪಾರ್ಟಿ ಇಟ್ಟವಳು ಅವನ ತಂಗಿ ಸಿಂಡಿ. ಯಾಕೆ ಗೊತ್ತಾ? ಸ್ಕೂಲು ಶುರುವಾಗುವ ಮೊದಲು ಹೊಸ ಬಟ್ಟೆ ತೆಗೆದುಕೊಳ್ಳಲು ಅವಳಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ನಿಮ್ಮ ತಂಗಿಯ ಫೀಸಿಗೆ ನೀವು ದುಡ್ಡು ಹುಡುಕಿದರೆ ಹಿಪ್‌ಹಾಪ್‌ಗೆ ಮೋಸ ಆಗುವುದಿಲ್ಲ ಕಣ್ರೀ. ಅಲ್ಲಿ ಶುರುವಾದದ್ದೇ ಅದಕ್ಕೆ.

ಆದರೆ ಹರ್ಕ್ ಅವತ್ತು ದುಡ್ಡು ಬಂತು ಅಂತ ತನ್ನ ಕೈಚಳಕ ಬಿಡಲಿಲ್ಲ. ರೆಕಾರ್ಡಿನಲ್ಲಿ ಬರೀ ತಾಳ ಬರುವ ಜಾಗಕ್ಕೆ ಹುಡುಗರು ಜಾಸ್ತಿ ಕುಣಿಯುತ್ತಾರೆ ಅಂತ ಗಮನಿಸಿದವನು ಅವನು. ಅದೇ ಜಾಗವನ್ನು ಎರಡು ರೆಕಾರ್ಡ್ ಇಟ್ಟು ಮತ್ತೆ ಮತ್ತೆ ಬರುವ ಹಾಗೆ ಮಾಡಿದ. ನೀವೂ ಕೇಳಿ ನೋಡಿ, 'ಹಾಡು ನಿಮ್ಮದು, ಒಂದು ಚರಣ ನನ್ನಿಷ್ಟದ್ದು' ಅಂತ. ಒಪ್ಪಿದರೆ ಮಾಡಿ, ಹಕ್ಕು ಮಾತ್ರ ಪೂರ್ತಿ ಕೊಡಬೇಡಿ. ಹುಡುಗಿಯರನ್ನು ಕೀಳಾಗಿ ಕಾಣುವ ಸಾಲು ಬರೆ ಅಂದರೆ ಎದ್ದು ಬನ್ನಿ. ನಾಳೆ ಆ ಹಾಡನ್ನು ನಿಮ್ಮ ತಂಗಿ ಪಾಠ ಮಾಡುವ ಕ್ಲಾಸಿನ ಮಕ್ಕಳು ಹಾಡುತ್ತಾರೆ.
– ಮಂಡ್ಯ

ನಿಮ್ಮ ತಾಯಿಗೆ ನಿಮ್ಮ ಹಾಡು ಕೇಳಿಸಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ನನ್ನ ಮಗ ನಾಲ್ಕು ವರ್ಷ ರೂಮಿನ ಬಾಗಿಲು ಹಾಕಿಕೊಂಡು ಹಾಡಿದ. ನಾನು ಏನೋ ಕೆಟ್ಟದ್ದು ಅಂದುಕೊಂಡು ಕಣ್ಣೀರು ಹಾಕಿದ್ದೆ. ಒಂದು ದಿನ ಕೇಳಿಸಿದ. ನಮ್ಮ ಮನೆಯವರು ತೀರಿಕೊಂಡ ದಿನದ ಬಗ್ಗೆ ಬರೆದಿದ್ದ. ಅವತ್ತಿನಿಂದ ರಾತ್ರಿ ಹನ್ನೊಂದಾದರೂ ಕಾಫಿ ಮಾಡಿಕೊಡುತ್ತೇನೆ.
– ಒಬ್ಬ ತಾಯಿ, ಮೈಸೂರು

ಮೊದಲ ಪತ್ರ ಬರೆಯುವವರು ಬಹುಶಃ 'ನೀನು ಬದುಕಿದ್ದನ್ನೇ ಬರೆ' ಅಂತ ಹೇಳಿರುತ್ತಾರೆ. ನಾನು ಅಷ್ಟಕ್ಕೇ ಒಪ್ಪುವುದಿಲ್ಲ ತಮ್ಮಾ. ನಮ್ಮಜ್ಜ ಗೀಗೀ ಪದ ಹಾಡುತ್ತಿದ್ದರು. ನಮ್ಮ ವಿಜಯಪುರದ ಕಡೆ ಜಾತ್ರೆ ಬಂದರೆ ಹರದೇಶಿ ಒಂದು ಮೇಳ, ನಾಗೇಶಿ ಒಂದು ಮೇಳ, ಎದುರಾಬದುರಾ. ಗಂಡು ಹೆಚ್ಚು ಅಂತ ಹರದೇಶಿಯವರು, ಹೆಣ್ಣು ಹೆಚ್ಚು ಅಂತ ನಾಗೇಶಿಯವರು. ದಪ್ಪಿನ ಮೇಲೆ ಪೆಟ್ಟು, ತುಂತುಣಿಯ ನಾದ, ಹಿಂದೆ ಗೀ ಗೀ ಅಂತ ದನಿಗೂಡಿಸುವವರು. ಅವರು ಪದದಲ್ಲೇ ಪ್ರಶ್ನೆ ಹಾಕಿದರೆ ಇವರು ಪದದಲ್ಲೇ ಉತ್ತರ ಕೊಡಬೇಕು, ನಿಂತ ನಿಲುವಿನಲ್ಲಿ. ಬೆಳಗಾಗುವ ತನಕ ನಡೆಯುತ್ತಿತ್ತು. ನೀವು ಬ್ಯಾಟಲ್ ಅನ್ನುವುದನ್ನು ನಮ್ಮಜ್ಜ ಕಟ್ಟೆಯ ಮೇಲೆ ಮಾಡುತ್ತಿದ್ದರು.

ಅಜ್ಜ ದ್ರೌಪದಿಯ ಸಂಕಟ ಹಾಡಿದರೆ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಜ್ಜ ದ್ರೌಪದಿ ಆಗಿದ್ದರಾ? ಇಲ್ಲ. ಆದರೆ ಜಾತ್ರೆಗೆ ಎರಡು ತಿಂಗಳು ಮೊದಲೇ ಕೂತು ಭಾರತ ಓದಿಸಿ ಕೇಳುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ, ನಮ್ಮಪ್ಪ ಓದಿ ಹೇಳಬೇಕಿತ್ತು. ಹೊಲದಿಂದ ಬಂದು ಎತ್ತಿಗೆ ಮೇವು ಹಾಕಿ, ಕಂದೀಲು ಹಚ್ಚಿ ಕೂರುತ್ತಿದ್ದರು. ಒಂದೇ ನುಡಿಯನ್ನು ಹತ್ತು ಸಲ ಓದಿಸುತ್ತಿದ್ದರು. ಹೀಗಾಗಿ ನೀನು ಗಲ್ಲಿಯ ಹುಡುಗರ ಬಗ್ಗೆ ಬರೆದದ್ದು ತಪ್ಪಲ್ಲ. ಅವರ ಹತ್ತಿರ ಕೂತು ಕೇಳದೆ ಬರೆದೆ, ಅದು ನಿನಗೆ ಚುಚ್ಚುತ್ತಿದೆ. ಹೋಗಿ ಕೂತು ಕೇಳು. ಆಮೇಲೆ ಬೇಕಾದರೆ ಮತ್ತೆ ಬರೆ.
– ವಿಜಯಪುರ ಜಿಲ್ಲೆ

ಪುಟ್ಟ ಲೆಕ್ಕ ಒಂದು ಹೇಳುತ್ತೇನೆ. ಲಾಸ್ ಏಂಜಲೀಸಿನ ನಿಪ್ಸಿ ಹಸಲ್ ಅನ್ನುವ ರ‍್ಯಾಪರ್ 2013ರಲ್ಲಿ ತನ್ನ ಮಿಕ್ಸ್‌ಟೇಪನ್ನು ಆನ್‌ಲೈನಿನಲ್ಲಿ ಪುಕ್ಕಟೆ ಬಿಟ್ಟು, ಅದರದೇ 1,000 ಪ್ರತಿಗಳನ್ನು ಒಂದಕ್ಕೆ 100 ಡಾಲರಿನಂತೆ ಮಾರಿದ. ಹೆಸರಾಂತ ರ‍್ಯಾಪರ್ ಜೇ-ಝಿ ಒಬ್ಬನೇ 100 ಪ್ರತಿ ಕೊಂಡ. ಲಕ್ಷ ಜನ ಬೇಕು ಅಂತ ಅವನು ಕಾಯಲಿಲ್ಲ, ತನ್ನನ್ನು ನಿಜವಾಗಿ ಬಯಸುವ ಸಾವಿರ ಜನರನ್ನು ಹುಡುಕಿದ. ನಿಮ್ಮ 3,000 ವ್ಯೂಸಿನಲ್ಲಿ ಎರಡನೇ ಸಲ ಬಂದು ಕೇಳಿದವರು ಎಷ್ಟು ಜನ ಅಂತ ಒಮ್ಮೆ ನೋಡಿ. ಕಾಮೆಂಟ್ ಹಾಕಿದ ಒಬ್ಬೊಬ್ಬರಿಗೂ ಉತ್ತರ ಬರೆಯಿರಿ.
– ದಾವಣಗೆರೆ

ಅಣ್ಣ, ನಾನೂ ಪೀಣ್ಯದವಳೇ. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಲೈನಿನಲ್ಲಿದ್ದೇನೆ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ನೀರು ಜಾಸ್ತಿ ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ, ಟಾರ್ಗೆಟ್ ತಪ್ಪುತ್ತದೆ ಅಂತ ನೀರೇ ಕುಡಿಯುವುದಿಲ್ಲ. ಲೈನಿನಲ್ಲಿ ಹಾಡು ಕೇಳಲು ಬಿಡುವುದಿಲ್ಲ, ಆದರೆ ಬಸ್ಸಿನಲ್ಲಿ ನಾನು, ನನ್ನ ಗೆಳತಿ ಒಂದೊಂದು ಇಯರ್‌ಫೋನ್ ಕಿವಿಗೆ ಹಾಕಿಕೊಂಡು ರ‍್ಯಾಪ್ ಕೇಳುತ್ತೇವೆ. ಕೇಳುವ ಹಾಡಿನಲ್ಲೆಲ್ಲ ಕಾರು ಇರುತ್ತದೆ. ಜಾಲಹಳ್ಳಿ ಕ್ರಾಸಿನಲ್ಲಿ ಬೆಳಗ್ಗೆ ಬಸ್ಸಿಗೆ ನಿಂತವರು ಒಂದರಲ್ಲೂ ಇಲ್ಲ. ನೀವು ದಿನಾ ಅದೇ ದಾರಿಯಲ್ಲಿ ಓಡಾಡುತ್ತೀರಲ್ಲ, ನಮ್ಮನ್ನು ನೋಡಿರುತ್ತೀರಿ. ನಿಮ್ಮ ಹಾಡುಗಳು ಯಾವ ಹೆಸರಿನಲ್ಲಿ ಇವೆ ಅಂತ ಪತ್ರದಲ್ಲಿ ಬರೆದಿಲ್ಲ. ಮುಂದಿನ ಸಂಚಿಕೆಯಲ್ಲಿ ತಿಳಿಸಿ. ಸೋಮವಾರ ಬಸ್ಸಿನಲ್ಲಿ ಹಾಕುತ್ತೇವೆ.
– ಪೀಣ್ಯ ಎರಡನೇ ಹಂತ