ಅಪ್‌ಡೇಟ್: ಅದು ಮೊದಲ ಮುದ್ರಣವೇ!

ಬೆಳಗಾವಿಯಲ್ಲಿ ಸಿಕ್ಕ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಆತ್ಮಕಥೆಯಲ್ಲಿ ಇಸವಿಯೇ ಇಲ್ಲ, ಮೊದಲ ಮುದ್ರಣವಾ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ಕಾಗದದ ಬಣ್ಣ ನೋಡಿ ಏನೂ ತಿಳಿಯಲಿಲ್ಲ. ನಮ್ಮ ಮನೆಯ ಎಪ್ಪತ್ತರ ದಶಕದ ಪುಸ್ತಕಗಳೂ ಅಷ್ಟೇ ಹಳದಿ. ಬೆಲೆ ನೋಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಒಳಹಾಳೆಯಲ್ಲಿ '2 ರೂ. 50 ನ.ಪೈ.' ಎಂಬ ಚೀಟಿ ಅಂಟಿಸಿತ್ತು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಆದರೆ ಹಾಳೆಯನ್ನು ಬೆಳಕಿಗೆ ಹಿಡಿದರೆ, ಚೀಟಿಯ ಕೆಳಗೆ ಅಚ್ಚಾಗಿರುವುದು '2 ರೂ. 8 ಆಣೆ'! ಅಂದರೆ ಪುಸ್ತಕ ಅಚ್ಚಾದದ್ದು ನಯಾ ಪೈಸೆ ಬರುವ ಮೊದಲೇ, ಮಾರದೆ ಉಳಿದ ಪ್ರತಿಗಳಿಗೆ ಆಮೇಲೆ ಚೀಟಿ ಹಚ್ಚಿದ್ದಾರೆ.

ಗೋಕಾಕದಲ್ಲಿರುವ ಲೇಖಕರ ಮೊಮ್ಮಗಳ ಹತ್ತಿರ ಎರಡನೇ ಮುದ್ರಣವಿದೆ, ಅದು ಅರವತ್ತರ ದಶಕದ್ದು. ನನ್ನ ಪ್ರತಿಯ ಮೊದಲ ಪುಟದಲ್ಲಿರುವ 'ಮಗಳಿಗೆ' ಎಂಬ ಬರಹವನ್ನು ಹಳೇ ಕಾಗದಗಳ ಜೊತೆ ಹೋಲಿಸಿ, ಅಜ್ಜನ ಕೈಬರಹವೇ ಎಂದರು. ಚೀಟಿಯನ್ನು ಕೀಳದೆ ಹಾಗೇ ಬಿಟ್ಟಿದ್ದೇನೆ.