ಲ್ಯಾಬಿನಲ್ಲಿ ಕಲ್ಚರ್ (ಬೆಳೆಸಿದ ಸೂಕ್ಷ್ಮಜೀವಿಗಳಿರುವ ದ್ರವ) ಚೆಲ್ಲಿದರೆ ಶುಚಿಗೊಳಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ಉಪನ್ಯಾಸಕಿ, ಬೆಂಗಳೂರು)

ನಾನು ಇಲ್ಲಿನ ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರದ ಪ್ರಾಯೋಗಿಕ ತರಗತಿಗಳನ್ನು ನಡೆಸುತ್ತೇನೆ. ಕಳೆದ ವಾರ ವಿದ್ಯಾರ್ಥಿಯೊಬ್ಬನ ಕೈಯಿಂದ, ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿದ್ದ ಸುಮಾರು 100 ಮಿ.ಲೀ. ಬ್ರಾತ್ (ಪೋಷಕ ದ್ರವ) ತುಂಬಿದ ಫ್ಲಾಸ್ಕ್ ಜಾರಿ ಬಿದ್ದು ಒಡೆಯಿತು. ನಾನು ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ದ್ರವ) ಹುಡುಕಿ ತರುವಷ್ಟರಲ್ಲಿ ಅಟೆಂಡರ್ ಫಿನಾಯಿಲ್ ಸುರಿದು, ಕಾರಿಡಾರಿಗೆ ಬಳಸುವ ಮಾಪಿನಿಂದಲೇ ನೆಲ ಒರೆಸಿಬಿಟ್ಟಿದ್ದರು. ವಿದ್ಯಾರ್ಥಿನಿಯೊಬ್ಬಳು ಗಾಜಿನ ಚೂರುಗಳನ್ನು ಬರಿಗೈಯಲ್ಲಿ ಆಯುತ್ತಿದ್ದಳು. ಯಾರಿಗೂ ತೊಂದರೆಯಾಗಲಿಲ್ಲ, ಆದರೆ ಮುಂದೆ ಹೀಗಾದರೆ ಏನು ಮಾಡಬೇಕು?

ಉತ್ತರ 1 (ನಿವೃತ್ತ ಲ್ಯಾಬ್ ಟೆಕ್ನಿಷಿಯನ್)

ಮೇಡಂ, ಫ್ಲಾಸ್ಕ್ ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಗೆ ಏಳುವುದರಿಂದ ಮೊದಲು ಎಲ್ಲರನ್ನೂ ದೂರ ಸರಿಸಿ, ಯಾರ ಬಟ್ಟೆ, ಚಪ್ಪಲಿಗಳ ಮೇಲೆ ಸಿಡಿದಿದೆಯೆಂದು ನೋಡಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂತಹ ರೋಗಕಾರಕವಾಗಿದ್ದರೆ ಬಾಗಿಲು ಮುಚ್ಚಿ 30 ನಿಮಿಷ ಹೊರಗಿರುವುದು ಲೇಸು. ಅನಂತರ ಗ್ಲೌಸ್, ಕೋಟು, ಕನ್ನಡಕ ಧರಿಸಿ, ಚೆಲ್ಲಿದ ಜಾಗವನ್ನು ಟಿಶ್ಯೂ ಪೇಪರಿನಿಂದ ಮುಚ್ಚಿ, ಅದರ ಮೇಲೆ ಹೈಪೋವನ್ನು ಅಂಚಿನಿಂದ ನಡುವಿನ ಕಡೆಗೆ ಮೆಲ್ಲಗೆ ಸುರಿಯಿರಿ. ಇಲ್ಲಿಯೇ ಎಲ್ಲರೂ ಎಡವುವುದು: ಸುರಿದ ಕೂಡಲೇ ಒರೆಸಿದರೆ ಸೂಕ್ಷ್ಮಜೀವಿಗಳು ಪೂರ್ತಿ ಸಾಯುವುದಿಲ್ಲ, 20ರಿಂದ 30 ನಿಮಿಷ ನೆನೆಯಲೇಬೇಕು. ಚೂರುಗಳನ್ನು ಚಿಮ್ಮಟದಿಂದ ಎತ್ತಬೇಕು.

ಉತ್ತರ 2 (ಸಂಶೋಧನಾ ವಿದ್ಯಾರ್ಥಿ)

ಹೈಪೋ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ಸಿಗುವ ಶೇ. 4–5ರ ಸೋಡಿಯಂ ಹೈಪೋಕ್ಲೋರೈಟ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಸಾಕು, ಆದರೆ ಅಂದಂದಿನದನ್ನು ಅಂದೇ ತಯಾರಿಸಿಕೊಳ್ಳಬೇಕು. ಬೆಳಕಿಗೂ ಸೆಕೆಗೂ ಕ್ಲೋರಿನ್ ಕರಗಿ ಹೋಗುತ್ತದೆ, ಬ್ರಾತಿನಲ್ಲಿರುವ ಪೆಪ್ಟೋನ್ (ಪ್ರೋಟೀನಿನ ತುಣುಕುಗಳು) ಕೂಡ ಅದನ್ನು ನುಂಗುತ್ತದೆ. ರಸಾಯನಶಾಸ್ತ್ರದವರ ಬಾಯಲ್ಲಿ ‘ಹೈಪೋ’ ಎಂದರೆ ಸೋಡಿಯಂ ಥಯೋಸಲ್ಫೇಟ್, ಅದು ಕ್ಲೋರಿನ್ನನ್ನೇ ನಾಶಮಾಡುವ ವಸ್ತು. ಆದ್ದರಿಂದ ಬಾಟಲಿಯ ಮೇಲೆ ಪೂರ್ಣ ಹೆಸರು ಬರೆಯಿರಿ. ಹೈಪೋ ಬದಲು ಶೇ. 70ರ ಆಲ್ಕೋಹಾಲ್ ಬಳಸೋಣವೆಂದರೆ ಅದು ಬೇಗ ಆರಿಹೋಗುತ್ತದೆ, ಬರ್ನರ್ ಉರಿಯುತ್ತಿದ್ದರೆ ಬೆಂಕಿಯ ಭಯವೂ ಉಂಟು. ಹೈಪೋದಲ್ಲಿ ನೆನೆದ ಟಿಶ್ಯೂಗಳನ್ನು ಆಟೋಕ್ಲೇವಿಗೆ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ) ಹಾಕಬಾರದು, ವಿಷಾನಿಲ ಹೊರಡುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತವೆ: ಟಿಶ್ಯೂ ಹಳದಿ ಚೀಲಕ್ಕೆ, ಗಾಜು ನೀಲಿ ಗುರುತಿನ ಗಟ್ಟಿ ಡಬ್ಬಿಗೆ.

ಉಪನ್ಯಾಸಕಿ

ಧನ್ಯವಾದಗಳು. ಇಂದು ಕಪಾಟು ತೆಗೆದು ನೋಡಿದೆ: ‘ಹೈಪೋ’ ಎಂದಷ್ಟೇ ಬರೆದ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಬಿಳಿಯ ಹರಳುಗಳು, ಅದು ಥಯೋಸಲ್ಫೇಟ್ ಇರಬೇಕು. ಇನ್ನೊಂದರಲ್ಲಿ ದ್ರವ, ಮುಚ್ಚಳ ತೆಗೆದರೆ ವಾಸನೆಯೇ ಇಲ್ಲ, ಕ್ಲೋರಿನ್ ಹೋಗಿಬಿಟ್ಟಿರಬೇಕು. ಎರಡನೆಯದರ ಬದಲಿಗೆ ಹೊಸದನ್ನು ತರಿಸುತ್ತಿದ್ದೇನೆ. ಆ ಮಾಪನ್ನು ಏನು ಮಾಡಲಿ?

ಉತ್ತರ 1

ಅದರ ಬಟ್ಟೆಯ ಭಾಗವನ್ನು ಬಿಚ್ಚಿ ಹಳದಿ ಚೀಲಕ್ಕೆ ಹಾಕಿಬಿಡಿ. ಫಿನಾಯಿಲ್ ಹಿಡಿದಿರುವ ಬಟ್ಟೆಯನ್ನು ಹೈಪೋದಲ್ಲಿ ಅದ್ದುವುದು ಬೇಡ. ಕೋಲನ್ನು ತೊಳೆದು ಇಟ್ಟುಕೊಳ್ಳಬಹುದು.